ನೆಲದ ಬೆವರು ಅಳೆಯುವ ಬಾಯಾರು

ನನ್ನ ಕೆಲಸದಲ್ಲಿ ನಗುವಂಥದ್ದು ಏನೂ ಇಲ್ಲ. ಆದರೂ ತಿಂಗಳಿಗೊಂದಾದರೂ ಪ್ರಸಂಗ ನಡೆದೇ ನಡೆಯುತ್ತದೆ. ಸುತ್ತ ನಿಂತವರು ನಕ್ಕ ಮೇಲೆಯೇ ಅದು ಪ್ರಸಂಗವೆಂದು ನನಗೆ ತಿಳಿಯುತ್ತದೆ.

ಕೆಲಸ ಇಷ್ಟೆ: ನೆಲದಿಂದಲೂ ಬೆಳೆಯ ಎಲೆಗಳಿಂದಲೂ ದಿನಕ್ಕೆ ಎಷ್ಟು ನೀರು ಆವಿಯಾಗಿ ಗಾಳಿ ಸೇರುತ್ತದೆ ಎಂದು ಅಳೆಯುವುದು. ಉಪಗ್ರಹವೊಂದು ಮೇಲಿನಿಂದ ಹೊಲಗಳ ಬಿಸಿಯನ್ನು ನೋಡಿ ಇದನ್ನು ಅಂದಾಜು ಮಾಡುತ್ತದೆ. ನೀರು ಆವಿಯಾಗುತ್ತಿರುವ ಹೊಲ ತಂಪಾಗಿರುತ್ತದೆ, ಒಣ ಹೊಲ ಬಿಸಿಯಾಗಿರುತ್ತದೆ. ಆ ಅಂದಾಜು ಸರಿಯೋ ತಪ್ಪೋ ಎಂದು ನೋಡಲು ಕೆಳಗೆ ನಾಲ್ಕು ಕೇಂದ್ರಗಳಿವೆ: ಜಮಖಂಡಿ, ಬೀಳಗಿ, ಮುಧೋಳ, ಬನಹಟ್ಟಿ. ನಾಲ್ಕಕ್ಕೂ ನಾನು ಮೇಲ್ವಿಚಾರಕಿ. ಪುಸ್ತಕದಲ್ಲಿ ಇದಕ್ಕೆ ಬಾಷ್ಪೀಕರಣ-ಬಾಷ್ಪವಿಸರ್ಜನೆ ಎಂಬ ಗೌರವದ ಹೆಸರಿದೆ. ಊರವರು ನನ್ನ ವಿವರಣೆಯನ್ನೆಲ್ಲ ಕೇಳಿ, "ಅಂದ್ರ ನೆಲದ ಬೆವರು ಅಳೀತೀರಿ" ಎಂದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು, ಇಸ್ತ್ರಿ ಇಲ್ಲದ ಸೀರೆಯಲ್ಲಿ ಒಂದು ದಿನವೂ ಹೊಸ್ತಿಲು ದಾಟಿದವಳಲ್ಲ. ಈ ಕಡೆ ಮೇಡಂ ಎನ್ನುವ ಬದಲು ಬಾಯಾರು ಎನ್ನುತ್ತಾರೆ; ಅಂಥವಳು ಅಂದಿನಿಂದ ನಾಲ್ಕು ಊರಿಗೂ 'ಬೆವರಿನ ಬಾಯಾರು' ಆದೆ.

ಕಳೆದ ಬೇಸಿಗೆಯಲ್ಲಿ ಮುಖ್ಯ ಕಚೇರಿಯ ವಿಜ್ಞಾನಿಯ ಫೋನು ಬಂತು. ಚಿಕ್ಕ ವಯಸ್ಸಿನ ಹುಡುಗಿ, ಮೈಸೂರು ಕಡೆಯ ಮೆತ್ತನೆಯ ಮಾತು.

"ಮೇಡಂ, ನಿಮ್ಮ ನಾಲ್ಕೂ ಕೇಂದ್ರಗಳ ಅಂಕಿ ಉಪಗ್ರಹದ ಅಂಕಿಯ ಜೊತೆ ಹೊಂದುತ್ತಿಲ್ಲ."

"ತಪ್ಪು ಉಪಗ್ರಹದ್ದು ಇರಬಾರದೇಕೆ?"

"ಉಪಗ್ರಹ ಎಲ್ಲ ಜಿಲ್ಲೆಗೂ ಒಂದೇ, ಮೇಡಂ. ಉಳಿದ ಕಡೆ ಹೊಂದುತ್ತಿದೆ. ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರುತ್ತೆ. ಅಷ್ಟರಲ್ಲಿ ಸರಿಯಾಗದಿದ್ದರೆ ಯಂತ್ರಗಳನ್ನು ಕಿತ್ತು ಬೇರೆ ಜಿಲ್ಲೆಗೆ ಕಳಿಸ್ತಾರಂತೆ."

"ಕಾರಣ ಏನೆಂದು ಬರೆಯುತ್ತಾರೆ?"

"'ನಂಬಲರ್ಹವಲ್ಲ' ಅಂತ, ಮೇಡಂ."

ನನ್ನ ಅಂಕಿಗಳನ್ನು ನಂಬಲರ್ಹವಲ್ಲ ಎಂದು ಕಾನ್ವೆಂಟಿನ ಸಿಸ್ಟರುಗಳು ಕೂಡ ಒಮ್ಮೆಯೂ ಅಂದಿರಲಿಲ್ಲ. ನಾಲ್ಕು ಕೇಂದ್ರ ಹೋದರೆ ನಾಲ್ವರು ವೀಕ್ಷಕರ ಕೆಲಸವೂ ಹೋಗುತ್ತಿತ್ತು. ನಾನು ಚಾಲಕನನ್ನು ಕರೆದು ಜೀಪು ಹೊರಡಿಸಿದೆ.

೧. ಕೌದಿ ಹೊದ್ದ ಮೋಟಾರು

ಮೊದಲು ಜಮಖಂಡಿಯ ಹೊರವಲಯದ ಕಬ್ಬಿನ ಹೊಲಕ್ಕೆ ಹೋದೆವು. ನಮ್ಮ ಕೇಂದ್ರ ಇರುವುದು ಈ ಹೊಲದಲ್ಲೇ. ಇಲ್ಲಿಯ ಅಂಕಿಯಲ್ಲಿ ಒಂದು ವಿಚಿತ್ರವಿತ್ತು. ಉಳಿದ ದಿನ ನೆಲ ಹಸಿಯಾಗಿದ್ದು ಉಪಗ್ರಹ ಹಾಯುವ ದಿನ ಮಾತ್ರ ಒಣಗಿರುತ್ತಿತ್ತು. ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವುದು ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ.

ಅಂದು ಉಪಗ್ರಹ ಬರುವ ದಿನವೇ ಆಗಿತ್ತು. ಹೋಗಿ ನೋಡಿದರೆ ಹೊಲದ ಒಡೆಯರು ಬಾವಿಯ ದಡದಲ್ಲಿ ಒಂದು ದೊಡ್ಡ ಕೌದಿಯ ಮೇಲೆ ಇನ್ನೊಂದು ಕೌದಿ ಹೊದಿಸುತ್ತಿದ್ದರು. ಒಳಗೆ ಯಾರೋ ಜ್ವರದವರು ಮಲಗಿದ್ದಾರೆಂದು ನಾನು ಧ್ವನಿ ತಗ್ಗಿಸಿ ಕೇಳಿದೆ, "ಯಾರಿಗೆ ಹುಷಾರಿಲ್ಲ?"

"ಯಾರಿಗೂ ಅಲ್ರಿ ಬಾಯಾರ. ಮೋಟಾರ್ ಐತಿ."

"ಮೋಟಾರಿಗೆ ಕೌದಿ ಏಕೆ?"

"ನೀವ ಹೇಳಿದ್ರೆಲ್ರಿ, ಮ್ಯಾಲಿಂದ ಬಿಸಿ ನೋಡತಾರ ಅಂತ. ಮೋಟಾರ್ ಬಿಸಿ ಇರತೈತಿ. ನಾ ಎಷ್ಟ ನೀರು ಎತ್ತತೇನಿ ಅಂತ ಅವರಿಗ್ಯಾಕ ಗೊತ್ತಾಗಬೇಕ್ರಿ? ಅವರು ಬರೂ ದಿನಾ ನೀರು ಬಂದ್ ಮಾಡಿ, ಹತ್ತೂವರಿಗೆ ಮೋಟಾರಿಗೆ ಹೊದಿಸಿಬಿಡತೇನಿ."

ಉಪಗ್ರಹ ಹೊಲದ ಬಿಸಿಯನ್ನು ನೋಡುತ್ತದೆಯೇ ಹೊರತು ಒಬ್ಬರ ಮೋಟಾರನ್ನಲ್ಲ ಎಂದು ನಾನು ಕಾಲು ಗಂಟೆ ವಿವರಿಸಿದೆ. ಅವರು ಎಲ್ಲದಕ್ಕೂ "ಖರೆ ಐತ್ರಿ, ಖರೆ ಐತ್ರಿ" ಎಂದು ತಲೆಯಾಡಿಸಿದರು. ಇನ್ನು ಮೇಲೆ ಎಲ್ಲ ದಿನದಂತೆ ಅಂದೂ ನೀರು ಬಿಡುತ್ತೇನೆಂದು ಮಾತು ಕೊಟ್ಟು, ಅದನ್ನು ತೋರಿಸುವ ಉತ್ಸಾಹದಲ್ಲಿ ಆಗಲೇ ಸ್ಟಾರ್ಟರಿನ ಗುಂಡಿ ಒತ್ತಿದರು. ಕೌದಿ ತೆಗೆಯುವುದು ಇಬ್ಬರಿಗೂ ನೆನಪಾಗಲಿಲ್ಲ.

ಅಂದು ಮೇಲಿನವರಿಗೆ ಕಂಡಿತೋ ಇಲ್ಲವೋ ಹೇಳಲಾರೆ. ಹೊಗೆ ಜಮಖಂಡಿಗೆಲ್ಲ ಕಂಡಿತು.

೨. ಬ್ಯಾಳಿ ಬೇಯುವ ನೀರು

ಬೀಳಗಿಯ ಕೇಂದ್ರದಲ್ಲಿ ಒಂದು ಅಗಲವಾದ ಲೋಹದ ಪರಾತವಿದೆ. ಅದರಲ್ಲಿ ನೀರು ತುಂಬಿಸಿ, ದಿನಕ್ಕೆ ಎಷ್ಟು ಮಟ್ಟ ಇಳಿಯಿತೆಂದು ನೋಡಿದರೆ ಎಷ್ಟು ಆವಿಯಾಯಿತೆಂದು ಗೊತ್ತಾಗುತ್ತದೆ. ಹಕ್ಕಿಗಳು ಕುಡಿಯದಂತೆ ಮೇಲೆ ಜಾಳಿಗೆ. ಅಲ್ಲಿಯ ಬೋರಿನ ನೀರು ಗಡಸು, ಪರಾತದ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಹಾಗಾಗಿ ನಾನು ಶುದ್ಧ ಸಿಹಿನೀರನ್ನೇ ಕ್ಯಾನುಗಳಲ್ಲಿ ತರಿಸಿ ತುಂಬಿಸುತ್ತಿದ್ದೆ. ಈ ವಿಷಯದಲ್ಲಿ ನಾನು ರಾಜಿಯಾಗುವವಳಲ್ಲ.

ಇಲ್ಲಿಯ ತೊಂದರೆ ಏನೆಂದರೆ, ಅಮಾವಾಸ್ಯೆ ಹುಣ್ಣಿಮೆಗಳಂದು ನೀರು ವಿಪರೀತ ಆವಿಯಾಗುತ್ತಿತ್ತು. ವಿಜ್ಞಾನಿ ಹುಡುಗಿ ಚಂದ್ರನ ಆಕರ್ಷಣೆಯ ಬಗ್ಗೆ ಏನೋ ಓದತೊಡಗಿದ್ದಳು. ನಾನು ಒಂದು ಹುಣ್ಣಿಮೆಯ ಬೆಳಿಗ್ಗೆ ಅಲ್ಲೇ ಹೋಗಿ ನಿಂತೆ.

ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯ ಅಜ್ಜಿ ತಂಬಿಗೆ ಹಿಡಿದು ಬಂದರು. ನನ್ನನ್ನು ನೋಡಿ ಬೆಚ್ಚಲೂ ಇಲ್ಲ. ಜಾಳಿಗೆ ಸರಿಸಿ ಒಂದು ತಂಬಿಗೆ ತುಂಬಿಕೊಂಡು, ಪಕ್ಕಕ್ಕಿಟ್ಟು, ಸೆರಗಿನ ಮರೆಯಿಂದ ಎರಡನೆಯ ತಂಬಿಗೆ ತೆಗೆದರು.

"ಏನಿದು?" ಎಂದೆ.

"ಹೋಳಗಿ ಮಾಡಾಕತ್ತೇನ್ರಿ ಬಾಯಾರ. ನಮ್ಮ ಬೋರಿನ ನೀರಾಗ ಕಡ್ಲಿಬ್ಯಾಳಿ ಮಧ್ಯಾಹ್ನದ ಮಟಾ ಕುದಿಸಿದ್ರೂ ಕಲ್ಲು. ನಿಮ್ಮ ನೀರಾಗ ಕುಕ್ಕರಿಂದು ಎರಡ ಸೀಟಿ, ಬೆಣ್ಣಿ ಆದಂಗ ಆಕ್ಕಾವ."

"ಇದು ಅಡುಗೆಯ ನೀರಲ್ಲ, ಅಳತೆಯ ನೀರು!"

"ನಾನೂ ಅಳತಿ ಮಾಡೇ ಒಯ್ತೇನ್ರಿ. ಎರಡ ತಂಬಿಗಿ. ಮೂರನೇದು ಎಂದೂ ಮುಟ್ಟಿಲ್ಲ."

"ಅಜ್ಜಿ, ಈ ನೀರು ಆವಿಯಾಗಬೇಕು. ಎಷ್ಟು ಆವಿಯಾಯಿತೆಂದು ನಾವು ಸರ್ಕಾರಕ್ಕೆ ಬರೆದು ಕಳಿಸುತ್ತೇವೆ."

ಅಜ್ಜಿ ತಂಬಿಗೆಗಳನ್ನು ಎರಡೂ ಕೈಗೆ ಎತ್ತಿಕೊಂಡರು. "ಬರೀರೆಲ್ಲ. ನಮ್ಮ ಮನ್ಯಾಗೂ ಆವಿನ ಆಗೂದು. ಬಂದು ಸೀಟಿ ಕೇಳ್ರಿ."

೩. ಟಗರಿನ ತೂಕ

ಮುಧೋಳದ ಯಂತ್ರ ಎಲ್ಲಕ್ಕಿಂತ ಸೂಕ್ಷ್ಮ. ನೆಲದಲ್ಲಿ ಹೂತಿಟ್ಟ ದೊಡ್ಡ ಕಬ್ಬಿಣದ ತೊಟ್ಟಿ, ಅದರ ತುಂಬ ಮಣ್ಣು, ಮೇಲೆ ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು, ಅಡಿಯಲ್ಲಿ ತಕ್ಕಡಿ. ನೀರು ಆವಿಯಾದಷ್ಟೂ ತೊಟ್ಟಿ ಹಗುರಾಗುತ್ತದೆ. ಪಕ್ಕದ ಪೆಟ್ಟಿಗೆಯ ಮೇಲೆ ತೂಕ ಅಂಕಿಯಲ್ಲಿ ಕಾಣುತ್ತದೆ.

ವಿಜ್ಞಾನಿ ಹುಡುಗಿ ಫೋನಿನಲ್ಲಿ ಹೇಳಿದಳು, "ಮೇಡಂ, ನಿಮ್ಮ ಹುಲ್ಲು ವಾರದಲ್ಲಿ ಒಂದು ದಿನ ಬೆಳಿಗ್ಗೆ ಐವತ್ತು ಚಿಲ್ಲರೆ ಕಿಲೋ ಭಾರವಾಗುತ್ತೆ. ಹತ್ತು ನಿಮಿಷಕ್ಕೆ ಮತ್ತೆ ಇಳಿಯುತ್ತೆ. ಪ್ರತಿ ವಾರ ಅದೇ ದಿನ. ಮಳೆಯೇನಾದರೂ...?"

"ಹತ್ತು ನಿಮಿಷ ಬಂದು ವಾಪಸು ಮೇಲೆ ಹೋಗುವ ಮಳೆ ನಮ್ಮ ಕಡೆ ಇಲ್ಲ" ಎಂದೆ.

ಆ ದಿನ ಬೆಳಿಗ್ಗೆ ಹೋದಾಗ ತೊಟ್ಟಿಯ ನಟ್ಟನಡುವೆ, ನಾನು ಸಮನಾಗಿ ಕತ್ತರಿಸಿದ ಹುಲ್ಲಿನ ಮೇಲೆ, ಕೊಂಬಿಗೆ ಬಣ್ಣ ಬಳಿದ ಒಂದು ಕಾಳಗದ ಟಗರು ನಿಂತಿತ್ತು. ಜಮೀನಿನ ಒಡೆಯ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅಂಕಿ ಬರೆದುಕೊಳ್ಳುತ್ತಿದ್ದ.

"ಇಳಿಸು ಅದನ್ನು!" ಎಂದೆ.

"ಒಂದ ನಿಮಿಷ ತಡೀರಿ ಬಾಯಾರ, ಅಲುಗಾಡಿದ್ರ ಅಂಕಿ ನಿಲ್ಲಾಂಗಿಲ್ಲ."

"ಇದು ಬೆಳೆ ತೂಗುವ ಯಂತ್ರ. ಕುರಿ ತೂಗುವುದಕ್ಕಲ್ಲ."

"ಕುರಿ ಅನಬ್ಯಾಡ್ರಿ, ಅದಕ್ಕ ಬ್ಯಾಸರ ಆಕ್ಕೈತಿ. ಮುಂದಿನ ಕಾಳಗಕ್ಕ ತಯಾರಿ ಮಾಡಾಕತ್ತೇನ್ರಿ. ಹಾಲು, ತತ್ತಿ, ಹುರಳಿ ಎಲ್ಲಾ ತಿನಿಸೇನಿ. ಮೈ ಹತ್ತೈತೋ ಇಲ್ಲೋ ನೋಡಬ್ಯಾಡೇನ್ರಿ? ಸಂತ್ಯಾಗ ನಾಕ ಕಾಟಾದಾಗ ನಾಕ ತೂಕ. ನಿಮ್ಮ ಕಾಟಾ ಒಂದ ನೋಡ್ರಿ, ಗ್ರಾಂ ತನಕ ಖರೆ ಹೇಳತೈತಿ."

ಯಂತ್ರವನ್ನು ಹೊಗಳಿದ್ದು ನನಗೆ ಒಳಗೊಳಗೇ ಹಿಡಿಸಿತು, ಆದರೆ ತೋರಿಸಿಕೊಳ್ಳಲಿಲ್ಲ. "ಅದು ನನ್ನ ಹುಲ್ಲು ತಿನ್ನುತ್ತಿದೆ" ಎಂದೆ.

"ತಿನ್ನಲೆಲ್ಲ, ತೂಕ ಎಲ್ಲಿ ಹೋಗತೈತ್ರಿ? ಹೊರಗಿದ್ದಿದ್ದು ಒಳಗ ಹೋತು. ಕಾಟಾದ ಮ್ಯಾಲೇ ಐತಲ್ರಿ."

ಶಾಲೆಯಲ್ಲಿ ವಿಜ್ಞಾನಕ್ಕೆ ಪದಕ ಪಡೆದವಳು ನಾನು, ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ; ಅವನು ಹೇಳಿದ್ದು ಸರಿಯಾಗಿತ್ತು. ಟಗರನ್ನು ಇಳಿಸಿ, ಬೇಲಿ ಹಾಕಿಸಿ, ಇದುವರೆಗೆ ಯಾವ ಯಾವ ದಿನ ತೂಗಿದ್ದೆ ಎಂದು ಬರೆದು ಕೊಡಲು ಹೇಳಿದೆ. ಅವನು ತನ್ನ ನೋಟುಬುಕ್ಕನ್ನೇ ಕೊಟ್ಟ. ತಾರೀಖು, ತೂಕ, ಅಂದಿನ ಮೇವು, ಎಲ್ಲ ಗೆರೆ ಹೊಡೆದು ಬರೆದಿದ್ದ. ನಾನು ಅದರ ಚಿತ್ರ ತೆಗೆದು ವಿಜ್ಞಾನಿಗೆ ಕಳಿಸಿದೆ. ಆಕೆ ಅರ್ಧ ಗಂಟೆಯಲ್ಲಿ ಫೋನು ಮಾಡಿದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಜಿಲ್ಲೆಯಿಂದ ಇದುವರೆಗೆ ಬಂದ ಅಂಕಿಗಳಲ್ಲಿ ಒಂದು ತಪ್ಪೂ ಇಲ್ಲದ್ದು ಅಂದರೆ ಈ ಟಗರಿನದು."

೪. ನೂಲು ಒಣಗುವ ಹೊತ್ತು

ಬನಹಟ್ಟಿಯಲ್ಲಿ ನಮ್ಮದು ಎತ್ತರದ ಕಂಬ. ನೇಕಾರರ ಓಣಿಯ ಹಿಂದಿನ ಬೋಳು ಬಯಲಿನಲ್ಲಿ ನಿಂತು ಗಾಳಿ, ಬಿಸಿಲು, ತೇವ ಮೂರನ್ನೂ ಅಳೆಯುತ್ತದೆ. ಅಲ್ಲಿ ಒಂದು ಗರಿಕೆಯೂ ಇಲ್ಲ. ಉಪಗ್ರಹ ಸರಿಯಾಗಿಯೇ 'ಒಣ ನೆಲ' ಎನ್ನುತ್ತಿತ್ತು. ನಮ್ಮ ಕಂಬ ಮಾತ್ರ ಅಲ್ಲಿ ಭತ್ತದ ಗದ್ದೆ ಇದೆಯೆಂದು ಹಟ ಹಿಡಿದಿತ್ತು.

ಜೀಪು ತಿರುವು ದಾಟಿದ ಕೂಡಲೇ ಚಾಲಕ, "ಬಾಯಾರ, ನಮ್ಮ ಕಂಬದ ಲಗ್ನ ಐತೇನ್ರಿ?" ಎಂದ.

ಕಂಬಕ್ಕೆ ಬಿಗಿದ ನಾಲ್ಕೂ ತಂತಿಗಳ ಉದ್ದಕ್ಕೆ ಹಳದಿ, ಕೆಂಪು, ಗಿಳಿಹಸಿರು ಬಣ್ಣ ಹಾಕಿದ ಒದ್ದೆ ನೂಲಿನ ಲಡಿಗಳು ಸಾಲಾಗಿ ತೂಗುತ್ತಿದ್ದವು. ಕೆಳಗೆ ಒಬ್ಬ ಹೆಂಗಸು ಇನ್ನಷ್ಟು ಹಿಂಡಿ ಹಿಂಡಿ ಹಾಕುತ್ತಿದ್ದಳು. ನಾನು ಕಟುವಾಗಿಯೇ ಹೇಳಿದೆ, "ನಿನ್ನ ನೂಲಿನ ತೇವವೆಲ್ಲ ಯಂತ್ರಕ್ಕೆ ಗೊತ್ತಾಗುತ್ತದೆ."

ಅವಳು ಹಿಂಡುವುದನ್ನು ನಿಲ್ಲಿಸಿದಳು. "ಹೌದ್ರಿ? ಅಂದ್ರ ನೂಲು ಎಷ್ಟೊತ್ತಿಗೆ ಒಣಗತೈತಿ ಅಂತಾನೂ ಗೊತ್ತಾಗತೈತೇನ್ರಿ?"

"ಬಿಸಿಲು, ಗಾಳಿ, ತೇವ ಸೇರಿಸಿ ಲೆಕ್ಕ ಹಾಕಿದರೆ ಹೇಳಬಹುದು."

"ಮತ್ತ ಇಷ್ಟ ದಿನಾ ಯಾಕ ಹೇಳಿಲ್ರಿ?" ಎಂದು ಅವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಮೋಡ ಐತಿ ಅಂತ ಬಣ್ಣ ಕಲಸದ ಸುಮ್ನ ಕುಂತ ದಿನಾ ಎಷ್ಟ! ಬಿಸಲ ಐತಿ ಅಂತ ಹಾಕಿ ಸಂಜೀತನಕ ಒಣಗದ ದಿನಾ ಎಷ್ಟ! ಲೇ, ಬರ್ರಿಲ್ಲೆ, ಬಾಯಾರಿಗೆ ಎಲ್ಲಾ ಗೊತ್ತಿದ್ದೂ ಹೇಳವಲ್ರು!"

ಓಣಿಯ ಹತ್ತು ಹೆಂಗಸರು ಸೇರಿದರು. ಕೊನೆಗೆ ಒಪ್ಪಂದವಾಯಿತು: ಅವರು ಲಡಿಗಳನ್ನು ಬಯಲಿನ ಆಚೆ ತುದಿಗೆ ಒಯ್ಯಬೇಕು, ನಾನು ದಿನಾ ಬೆಳಿಗ್ಗೆ ಒಂದು ಸಾಲು ಸಂದೇಶ ಕಳಿಸಬೇಕು. ಮೊದಲ ದಿನ ನಾನು ಸರಿಯಾದ ಭಾಷೆಯಲ್ಲಿ, 'ಇಂದು ಆವಿಯಾಗುವ ಪ್ರಮಾಣ ಮಧ್ಯಮಕ್ಕಿಂತ ತುಸು ಹೆಚ್ಚು' ಎಂದು ಬರೆದೆ. ಕೂಡಲೇ ಉತ್ತರ ಬಂತು: 'ಬಾಯಾರ, ಹಳದಿ ಹಾಕಲ್ಯೋ ಬ್ಯಾಡ್ರ್ಯೋ?' ಈಗ ನಾನು 'ಹಾಕಿ' ಅಥವಾ 'ಬೇಡ' ಎಂದಷ್ಟೇ ಬರೆಯುತ್ತೇನೆ. ಒಂದು ದಿನ ತಪ್ಪಿದರೆ ಐದು ಫೋನು. ನಾನು ವರ್ಷಕ್ಕೊಮ್ಮೆ ಮುಖ್ಯ ಕಚೇರಿಗೆ ಕಳಿಸುವ ದಪ್ಪ ವರದಿ ಬರಲಿಲ್ಲವೆಂದು ಇದುವರೆಗೆ ಒಬ್ಬರೂ ಕೇಳಿಲ್ಲ.

೫. ಉಳಿದ ವ್ಯತ್ಯಾಸ

ಇಷ್ಟೆಲ್ಲ ಸರಿಮಾಡಿದ ಮೇಲೆ ಅಂಕಿಗಳ ಕುಣಿತ ನಿಂತಿತು. ಆದರೆ ಒಂದು ವ್ಯತ್ಯಾಸ ಜಪ್ಪಯ್ಯ ಎಂದರೂ ಹೋಗಲಿಲ್ಲ. ಉಪಗ್ರಹ ಹಾಯುವ ಹೊತ್ತಿಗೆ ನಾಲ್ಕೂ ಕೇಂದ್ರಗಳ ಅಂಕಿ ಪ್ರತಿಸಲವೂ ಉಪಗ್ರಹದ್ದಕ್ಕಿಂತ ಕಡಿಮೆಯೇ ಬರುತ್ತಿತ್ತು. ಸಮಿತಿ ಬರುವುದಕ್ಕೆ ಮೂರು ದಿನ ಮೊದಲು ವಿಜ್ಞಾನಿ ಹುಡುಗಿ ತಾನೇ ಜಮಖಂಡಿಯ ನನ್ನ ಕಚೇರಿಗೆ ಬಂದಳು. ಎರಡು ದಿನ ಕಂಪ್ಯೂಟರಿನ ಮುಂದೆ ಕುಳಿತು, ಮೂರನೆಯ ದಿನ ತಲೆಯೆತ್ತಿ ಕೇಳಿದಳು.

"ಮೇಡಂ, ಈ ಕಡೆ ಸೂರ್ಯ ತಡವಾಗಿ ಹುಟ್ಟುತ್ತಾನಾ?"

"ಎಲ್ಲರಿಗೂ ಹುಟ್ಟುವ ಹೊತ್ತಿಗೇ ಹುಟ್ಟುತ್ತಾನೆ" ಎಂದೆ.

"ಪಂಚಾಂಗದ ಪ್ರಕಾರ ಆರು ಗಂಟೆ ಹತ್ತು ನಿಮಿಷ. ನಿಮ್ಮ ನಾಲ್ಕೂ ಕೇಂದ್ರಗಳ ಬಿಸಿಲುಮಾಪಕದ ಪ್ರಕಾರ ಆರು ಮೂವತ್ತೈದು."

"ಗುಡ್ಡ ಏನಾದರೂ ಅಡ್ಡ ಇರಬಹುದು."

"ಮುಳುಗುವುದೂ ಇಪ್ಪತ್ತೈದು ನಿಮಿಷ ತಡ, ಮೇಡಂ. ಯಂತ್ರಗಳ ಗಡಿಯಾರ ಹೊಂದಿಸಿದ್ದು ಯಾರು?"

"ನಾನೇ. ಬ್ಯಾಟರಿ ಬದಲಿಸಿದಾಗಲೆಲ್ಲ ನಾನೇ ಹೊಂದಿಸುತ್ತೇನೆ. ಅದು ಬೇರೆಯವರ ಕೈಗೆ ಕೊಡುವ ಕೆಲಸವಲ್ಲ."

"ಯಾವ ಗಡಿಯಾರ ನೋಡಿ?"

ನಾನು ಕೈ ಚಾಚಿ ಮಣಿಕಟ್ಟು ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ಚಾಲಕ ಒಮ್ಮೆಲೇ ಕೆಮ್ಮತೊಡಗಿದ.

ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಗಂಟೆಗೆ ಒಂದು ದಿನವೂ ತಡವಾಗಬಾರದೆಂದು ನಾನು ಗಡಿಯಾರವನ್ನು ಇಪ್ಪತ್ತೈದು ನಿಮಿಷ ಮುಂದಿಡಲು ಕಲಿತೆ. ಅಂದಿನಿಂದ ಕಟ್ಟಿದ ಪ್ರತಿ ಗಡಿಯಾರವೂ ಹಾಗೆಯೇ. ಮುಂದಿದೆ ಎಂಬುದನ್ನು ಮರೆತೇಬಿಟ್ಟಿದ್ದೆ. ನೆನಪಿಟ್ಟುಕೊಳ್ಳುವುದಾದರೆ ಮುಂದಿಟ್ಟು ಪ್ರಯೋಜನವೇನು? ಎಲ್ಲಿ ಹೋದರೂ ಉಳಿದವರೇ ನನಗಿಂತ ಇಪ್ಪತ್ತೈದು ನಿಮಿಷ ತಡವಾಗಿ ಬರುತ್ತಿದ್ದರು. ಈ ಕಡೆಯ ಜನರ ಸ್ವಭಾವವೇ ಹೀಗೆ ಎಂದುಕೊಂಡಿದ್ದೆ.

ಹುಡುಗಿ ಒಳ್ಳೆಯ ಸಂಸ್ಕಾರದವಳು, ಪರದೆಯ ಕಡೆಗೇ ತಿರುಗಿಕೊಂಡಳು. ಎಲ್ಲ ಅಂಕಿಗಳನ್ನೂ ಇಪ್ಪತ್ತೈದು ನಿಮಿಷ ಹಿಂದಕ್ಕೆ ಸರಿಸಿದಳು. ಪರದೆಯ ಮೇಲೆ ಚದುರಿದ್ದ ಚುಕ್ಕೆಗಳೆಲ್ಲ ಒಂದೇ ಗೆರೆಗೆ ಬಂದು ಕುಳಿತವು. ನನಗೆ ನಿಟ್ಟುಸಿರು ಬಂತು. ಆಕೆಗೆ ಬರಲಿಲ್ಲ.

"ಸಮಿತಿಯವರು ಒಪ್ಪಲ್ಲ, ಮೇಡಂ. ಅಂಕಿ ಹೊಂದಿಸೋಕೆ ಗಡಿಯಾರವನ್ನು ನೆವ ಮಾಡಿದ್ದೀರಿ ಅಂತಾರೆ. ಗಡಿಯಾರ ಮೊದಲಿನಿಂದಲೂ ಮುಂದಿತ್ತು ಅನ್ನೋದಕ್ಕೆ ಬರವಣಿಗೆಯಲ್ಲಿ ಸಾಕ್ಷಿ ಬೇಕು."

ನನ್ನಲ್ಲಿ ಅಂಥ ಸಾಕ್ಷಿ ಇರಲಿಲ್ಲ. ನಾಳೆ ನಾಲ್ಕೂ ಕೇಂದ್ರ ಕೀಳುತ್ತಾರೆ, ಅದೂ ನನ್ನ ಕೈಗಡಿಯಾರದಿಂದ, ಎಂದುಕೊಂಡು ಕುಳಿತೆ. ಆಗ ಹೊರಗೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ಜಮಖಂಡಿ ಕೇಂದ್ರದ ವೀಕ್ಷಕ ಒಳಗೆ ಬಂದ. ದಿನಕ್ಕೆ ಹತ್ತು ಮಾತು ಆಡುವವನಲ್ಲ. ಬಗಲಲ್ಲಿ ದಿನವಹಿ ರಿಜಿಸ್ಟರು ಇತ್ತು.

"ನಾ ಬರದಿಟ್ಟೇನ್ರಿ" ಎಂದು ಅದನ್ನು ಮೇಜಿನ ಮೇಲಿಟ್ಟು ಬಾಗಿಲ ಹತ್ತಿರ ಹೋಗಿ ನಿಂತ.

ಕೇಂದ್ರದ ಗಡಿಯಾರ ನೋಡಿ ಸೂರ್ಯೋದಯದ ಹೊತ್ತು ಬರೆಯಬೇಕೆಂದು ನಾನೇ ನಿಯಮ ಮಾಡಿದ್ದೆ. ಅವನು ಅದನ್ನು ಪಂಚಾಂಗಕ್ಕೆ ಹೋಲಿಸಿ, 'ಷರಾ' ಎಂಬ ಟಿಪ್ಪಣಿಯ ಕಾಲಮ್ಮಿನಲ್ಲಿ ಒಂದು ದಿನವೂ ತಪ್ಪದೆ ಬರೆದಿದ್ದ: 'ಸೂರ್ಯ ೨೫ ನಿಮಿಷ ತಡ.' ಪುಟದ ಮೇಲೆ ಪುಟ, ತಿಂಗಳ ಮೇಲೆ ತಿಂಗಳು.

"ಗಡಿಯಾರ ತಪ್ಪಿದೆ ಎಂದು ನನಗೇಕೆ ಹೇಳಲಿಲ್ಲ?" ಎಂದೆ.

"ನಿಮ್ಮ ಗಡಿಯಾರ ತಪ್ಪೈತಿ ಅನ್ನಾಕ ನನಗೆಲ್ಲಿ ಧೈರ್ಯ ಐತ್ರಿ ಬಾಯಾರ? ಸೂರ್ಯಂದು ತಪ್ಪು ಅಂತ ಬರದ್ರ ಯಾರಿಗೂ ಬ್ಯಾಸರ ಇಲ್ಲ ಅಂತ ಹಂಗ ಬರಕೋಂತ ಬಂದ್ನಿ."

ಸಾಕ್ಷಿ ಸಿಕ್ಕಿತು. ಆದರೆ ಹುಡುಗಿ ಪುಟ ತಿರುವುತ್ತ ತಿರುವುತ್ತ ತುಟಿ ಬಿಗಿಹಿಡಿದು ನನ್ನ ಕಡೆ ನೋಡಿದಳು. ಪ್ರತಿ ವಾರದ ಕೊನೆಗೆ, ಆ ಷರಾದ ಎದುರಿಗೆ, ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತು. ಅಕ್ಷರ ನನ್ನದೇ. 'ತಡ' ಎಂಬ ಪದ ಕಂಡರೆ ಸಾಕು, ಮುಂದಿನದನ್ನು ನನ್ನ ಕೈ ತಾನೇ ಬರೆಯುತ್ತದೆ. ಎಷ್ಟು ವರ್ಷದ ಅಭ್ಯಾಸ!

ಮರುದಿನ ಸಮಿತಿಯ ಮುಂದೆ ಆ ರಿಜಿಸ್ಟರನ್ನು ಇಡದೆ ಬೇರೆ ದಾರಿಯಿರಲಿಲ್ಲ. ಕೆಂಪು ಶಾಯಿಯ ಪುಟಗಳನ್ನು ಬಿಟ್ಟು ಉಳಿದವನ್ನು ತೋರಿಸೋಣವೇ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ದಾಖಲೆಯಲ್ಲಿ ಒಂದು ಪುಟವನ್ನೂ ಮುಚ್ಚಿಡುವುದು ನನಗೆ ಗೊತ್ತಿಲ್ಲ ಎಂದೆ. ಇಡೀ ರಿಜಿಸ್ಟರನ್ನು ನಾನೇ ಒಯ್ದು ಅಧ್ಯಕ್ಷರ ಮುಂದಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು ನೆಟ್ಟಗೆ ಕುಳಿತೆ.

ಅಧ್ಯಕ್ಷರು ಹಿರಿಯರು, ಗಂಭೀರ ಮುಖದವರು. ಕನ್ನಡಕ ಏರಿಸಿ ಪುಟ ಪುಟವಾಗಿ ನೋಡಿದರು. ಗಡಿಯಾರ ಮೊದಲಿನಿಂದ ಮುಂದಿದ್ದುದು ಸಂಶಯವಿಲ್ಲದೆ ಸಾಬೀತಾಗಿದೆ, ಕೇಂದ್ರಗಳು ಮುಂದುವರಿಯಲಿ ಎಂದು ಬರೆದು ಸಹಿ ಹಾಕಿದರು. ಆಮೇಲೆ ಒಂದು ಪುಟದ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದಿದರು.

"'ಸೂರ್ಯ ಇಪ್ಪತ್ತೈದು ನಿಮಿಷ ತಡ.' ಪಕ್ಕದಲ್ಲಿ ಕೆಂಪು ಶಾಯಿ: 'ಪದೇ ಪದೇ ತಡವಾಗುತ್ತಿರುವುದು ಸರಿಯಲ್ಲ. ಕಾರಣ ಕೇಳಿ ವರದಿ ಮಾಡುವುದು.'" ಕನ್ನಡಕದ ಮೇಲಿನಿಂದ ವೀಕ್ಷಕನನ್ನು ನೋಡಿದರು. "ಏನಪ್ಪಾ, ಕಾರಣ ಕೊಟ್ಟನೇ?"

ವೀಕ್ಷಕ ಎದ್ದು ನಿಂತು ಟೊಪ್ಪಿಗೆ ತೆಗೆದ.

"ಇನ್ನೂ ಕೊಟ್ಟಿಲ್ರಿ ಸಾಹೇಬ್ರ. ದಿನಾ ಮುಂಜಾನೆ ಬರತಾನ, ಏನೂ ಹೇಳದ ಹಂಗ ಹೋಗತಾನ."